ಜಿಡ್ಡಿನ ಲೆಕ್ಕ
ಯಾರು ಎಷ್ಟು ಜಿಡ್ಡು ತಿನ್ನುವರೆಂಬುದನ್ನು ಪ್ರಶ್ನಾವಳಿಯಿಂದ ತಿಳಿಯಬಹುದೇ? 1985ರಲ್ಲಿ ಪ್ರಕಟವಾದ ವಿಲೆಟ್ ಮತ್ತು ಸಂಗಡಿಗರ ಪರೀಕ್ಷೆಯಲ್ಲಿ ಅಮೆರಿಕದ ಬಾಸ್ಟನ್ ಸೀಮೆಯ 173 ದಾದಿಯರು ನಾಲ್ಕು ಬಾರಿ ಒಂದೊಂದು ವಾರ ತಿಂದುದನ್ನೆಲ್ಲ ತೂಗಿ ಬರೆದಿಟ್ಟರು. ಪ್ರಶ್ನಾವಳಿಯ ಉತ್ತರಗಳನ್ನು ಅದರೊಡನೆ ತಾಳೆ ನೋಡಲಾಯಿತು. ಹೊಂದಿಕೆ ಮಧ್ಯಮ: ಹೆಚ್ಚು ತಿನ್ನುವವರನ್ನು ಕಡಿಮೆಯವರಿಂದ ವಿಂಗಡಿಸಲು ಸಾಕು, ಒಬ್ಬರ ಸೇವನೆಯನ್ನು ನಿಖರವಾಗಿ ಹೇಳಲು ಸಾಲದು. ಇಷ್ಟಕ್ಕೂ ತೂಗಿ ಬರೆದದ್ದೂ ಮನುಷ್ಯನ ಬರಹವೇ. ತುಪ್ಪವನ್ನು ಮರೆಯುವವನು ಎರಡು ಕಡೆಯೂ ಮರೆತರೆ ತಾಳೆ ಸೊಗಸಾಗಿರುವುದು, ಎರಡೂ ಸುಳ್ಳು! ನಮ್ಮಲ್ಲಿ ಮತ್ತೊಂದು ತೊಡಕು: ಒಗ್ಗರಣೆಗೆ ಎಷ್ಟು ಎಣ್ಣೆ ಬಿದ್ದಿತೆಂಬುದನ್ನು ಅಡಿಗೆ ಮಾಡುವಾಕೆ ಬಲ್ಲಳು, ಉತ್ತರ ಬರೆಯುವವನೋ ಯಜಮಾನ. ಹೃದ್ರೋಗಿಯಿರುವ ಮನೆಯವರು ವೈದ್ಯರಿಗೆ ಉತ್ತರಿಸುವ ಮುನ್ನ ಎಣ್ಣೆ ತುಪ್ಪಗಳ ಪಾತ್ರೆಗಳನ್ನು ತಿಂಗಳ ಮೊದಲಲ್ಲಿಯೂ ಕೊನೆಯಲ್ಲಿಯೂ ತೂಗಿರಿ. ನಡುವೆ ಕೊಂಡುದನ್ನು ಕೂಡಿಸಿ, ಕರಿದು ಚೆಲ್ಲಿದುದನ್ನು ಕಳೆದು, ಉಂಡವರ ಸಂಖ್ಯೆಯಿಂದ ಭಾಗಿಸಿರಿ.