ಸೋರಿಕೆಯ ಮೂಲವರಿಯದೆ ಎಂಜಿನ್ ಇಳಿಸುವುದು ಬೇಡ

ಬನ್ನಿಮಂಟಪವೆಂದರೆ ಹೊರಗಿನವರಿಗೆ ವಿಜಯದಶಮಿಯ ಜಂಬೂ ಸವಾರಿ ಮತ್ತು ಪಂಜಿನ ಕವಾಯತು ನೆನಪಾಗುತ್ತವೆ. ಮೈಸೂರಿನ ವರ್ತಕರಿಗೂ ಸಣ್ಣ ಉದ್ಯಮಿಗಳಿಗೂ ಅದು ಕೈಗಾರಿಕಾ ಪ್ರದೇಶ. ಬೆಂಗಳೂರು ರಸ್ತೆಗೆ ಸರಕು ಹೊರಡುವ ತಾಣ. ಹೊಸ ವಾಹನದ ಕಂತು ಕಟ್ಟಲಾಗದ ಸಣ್ಣ ಉದ್ಯಮಿಗೆ ಹಳೆಯ ಲಾರಿಯೇ ಬಂಡವಾಳ. ಆ ಬಂಡವಾಳವನ್ನು ಹನಿಹನಿಯಾಗಿ ಕರಗಿಸುವ ದೋಷವೆಂದರೆ ಎಂಜಿನ್ ಆಯಿಲ್ ಸೋರಿಕೆ.

ಈ ದೋಷದ ಬಗ್ಗೆ ಮಾಲೀಕರಲ್ಲಿ ಎರಡು ತಪ್ಪು ಧೋರಣೆಗಳಿವೆ. "ಹಳೆಯ ಗಾಡಿ, ಸೋರುವುದು ಸಹಜ" ಎಂದು ಆಯಿಲ್ ಸುರಿಯುತ್ತಾ ಹೋಗುವುದು ಒಂದು. ದಿನಕ್ಕೆ 100 ಮಿಲಿ ಲೀಟರ್ ಸೋರಿದರೂ ತಿಂಗಳಿಗೆ 3 ಲೀಟರ್ ನಷ್ಟ. ಆಯಿಲ್ ಮಟ್ಟ ಕೆಳಗಿಳಿದರೆ ಬೇರಿಂಗ್ ಹಿಡಿದುಕೊಳ್ಳುತ್ತದೆ; ಕ್ಲಚ್ ಪ್ಲೇಟಿಗೆ ತಗುಲಿದರೆ ಗಾಡಿ ಏರುದಾರಿಯಲ್ಲಿ ಎಳೆಯುವುದಿಲ್ಲ; ಕಾದ ಸೈಲೆನ್ಸರ್ ಕೊಳವೆಯ ಮೇಲೆ ಬಿದ್ದರೆ ಬೆಂಕಿಯ ಅಪಾಯ. ಎರಡನೆಯದು, ತಳದಲ್ಲಿ ಎಣ್ಣೆ ಕಂಡೊಡನೆ ಎಂಜಿನ್ ಇಳಿಸಿ ಹಾಫ್ ಎಂಜಿನ್ ಕೆಲಸಕ್ಕೆ ಒಪ್ಪಿಬಿಡುವುದು. ಇದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಈ ಎರಡೂ ಧೋರಣೆಗಳಲ್ಲಿ ಇಲ್ಲದಿರುವುದು ಒಂದೇ: ಸೋರಿಕೆಯ ಮೂಲದ ಪತ್ತೆ.

ಎಣ್ಣೆ ತೊಟ್ಟಿಕ್ಕುವ ಜಾಗವೇ ಸೋರುವ ಜಾಗವಲ್ಲ. ಮೇಲಿನ ಟ್ಯಾಪೆಟ್ ಕವರಿನ ಪ್ಯಾಕಿಂಗ್‌ನಿಂದ ಹೊರಟ ಎಣ್ಣೆ ಬ್ಲಾಕಿನ ಗುಂಟ ಇಳಿದು ಚೇಂಬರಿನ ಅಂಚಿನಲ್ಲಿ ಹನಿಯಾಗುತ್ತದೆ. ಓಡುವ ಗಾಡಿಯಲ್ಲಿ ಫ್ಯಾನಿನ ಗಾಳಿ ಅದನ್ನು ಹಿಂದಕ್ಕೆ ತಳ್ಳುವುದರಿಂದ ಹಿಂಬದಿಯ ಕ್ರ್ಯಾಂಕ್ ಸೀಲೇ ಹೋಗಿದೆಯೆಂಬ ಭ್ರಮೆ ಹುಟ್ಟುತ್ತದೆ. ಆದುದರಿಂದ ಮೊದಲ ಕೆಲಸ ಪಾನಾ ಹಿಡಿಯುವುದಲ್ಲ, ತೊಳೆಯುವುದು. ತಣ್ಣಗಾದ ಎಂಜಿನ್ನನ್ನು ಡೈನಮೊ, ಸೆಲ್ಫ್ ಮೋಟಾರುಗಳಿಗೆ ನೀರು ತಗುಲದಂತೆ ತೊಳೆದು ಒಣಗಿಸಿ, ಅನುಮಾನವಿರುವ ಕಡೆ ತೆಳುವಾಗಿ ಟಾಲ್ಕಂ ಪುಡಿ ಉದುರಿಸಬೇಕು. 15ರಿಂದ 20 ನಿಮಿಷ ಓಡಿಸಿ, ನಿಲ್ಲಿಸಿ, ಬೆಳಕು ಹಿಡಿದು ನೋಡಿದರೆ ಪುಡಿಯ ಮೇಲೆ ಎಣ್ಣೆಯ ಗೆರೆ ಮೂಡಿರುತ್ತದೆ. ಅತ್ಯಂತ ಮೇಲಿನ, ಅತ್ಯಂತ ಮುಂದಿನ ಒದ್ದೆಯೇ ಮೂಲ. ಫಿಲ್ಟರಿನ ವಾಷರ್, ಆಯಿಲ್ ಪ್ರೆಷರ್ ಸ್ವಿಚ್, ಗಾಳಿ ಕಂಪ್ರೆಸರಿನ ಆಯಿಲ್ ಕೊಳವೆ, ಡ್ರೈನ್ ಬೋಲ್ಟಿನ ತಾಮ್ರದ ವಾಷರ್ ಇವುಗಳನ್ನು ಮೊದಲು ನೋಡಬೇಕು. ಅಗ್ಗದ ಬಿಡಿಭಾಗಗಳೇ ಅನೇಕ ವೇಳೆ ಅಪರಾಧಿಗಳು. ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವಲ್ಲಿ ಎಣ್ಣೆ ಕಂಡರೆ ವಾಸನೆ ನೋಡಬೇಕು. ಗೇರ್ ಆಯಿಲ್‌ಗೆ ಗಂಧಕದ ಘಾಟು. ಡೀಸೆಲ್ ಎಂಜಿನ್ನಿನ ಆಯಿಲ್ ಕಡುಕಪ್ಪು. ಗೇರ್‌ಬಾಕ್ಸಿನ ದೋಷಕ್ಕೆ ಎಂಜಿನ್ ಬಿಚ್ಚುವ ಪ್ರಮಾದ ಹೀಗೆ ತಪ್ಪುತ್ತದೆ.

ಹೊಸ ಸೀಲ್ ಹಾಕಿದ ಕೆಲವೇ ವಾರಗಳಲ್ಲಿ ಮತ್ತೆ ಸೋರಿದರೆ ಮೆಕ್ಯಾನಿಕನನ್ನು ದೂರುವ ಮೊದಲು ಬ್ರೀದರ್ ಕೊಳವೆಯನ್ನು ಪರೀಕ್ಷಿಸಬೇಕು. ಪಿಸ್ಟನ್ ರಿಂಗುಗಳನ್ನು ದಾಟಿ ಕೆಳಗಿಳಿಯುವ ಅನಿಲ ಈ ಕೊಳವೆಯ ಮೂಲಕ ಹೊರಹೋಗಬೇಕು. ಅದು ಜಿಡ್ಡು ಕಟ್ಟಿ ಮುಚ್ಚಿದರೆ ಒಳಗಿನ ಒತ್ತಡ ದುರ್ಬಲವಾದ ಸೀಲ್ ಹುಡುಕಿ ಎಣ್ಣೆಯನ್ನು ಹೊರದೂಡುತ್ತದೆ. ಬ್ರೀದರ್ ಶುಚಿಯಾಗಿದ್ದು, ಬಿಸಿಯಾದ ಎಂಜಿನ್ ನಿಧಾನಗತಿಯಲ್ಲಿ ಓಡುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಹೊಗೆ ರಭಸದಿಂದ ಚಿಮ್ಮಿದರೆ ರಿಂಗು, ಲೈನರುಗಳು ಸವೆದಿರುವ ಶಂಕೆ ಬಲವಾಗುತ್ತದೆ. ಎಂಜಿನ್ ಇಳಿಸುವ ಮಾತಿಗೆ ಅರ್ಥ ಬರುವುದು ಆಗ ಮಾತ್ರ.

ದುರಸ್ತಿಯಲ್ಲಿಯೂ ಸಂಯಮ ಅಗತ್ಯ. ಚೇಂಬರಿನ ಬೋಲ್ಟುಗಳನ್ನು ಬಲವಾಗಿ ಬಿಗಿದರೆ ಸೋರಿಕೆ ನಿಲ್ಲುವುದೆಂಬುದು ತಪ್ಪು ನಂಬಿಕೆ. ಕಾರ್ಕ್ ಪ್ಯಾಕಿಂಗ್ ಹಿಸುಕಿ ಒಡೆಯುತ್ತದೆ, ತಗಡಿನ ಅಂಚು ಬಾಗುತ್ತದೆ. ಬಾಗಿದ ಅಂಚನ್ನು ಸಮತಟ್ಟು ಮಾಡಿ, ಹಳೆಯ ಪ್ಯಾಕಿಂಗ್ ಪೂರ್ತಿ ಕೆರೆದು, ಎದುರುಬದುರಿನ ಬೋಲ್ಟುಗಳನ್ನು ಹಂತಹಂತವಾಗಿ ಬಿಗಿಯಬೇಕು. ಅತಿಯಾಗಿ ಬಳಿದ ಸಿಲಿಕೋನ್ ಅಂಟು ಒಳಗೆ ಕಳಚಿ ಬಿದ್ದು ಆಯಿಲ್ ಪಂಪಿನ ಜಾಲರಿಯನ್ನು ಮುಚ್ಚಿದರೆ ಸೋರಿಕೆಗಿಂತ ದೊಡ್ಡ ಅನಾಹುತ. ಸೀಲ್ ಕೂರುವ ಜಾಗದಲ್ಲಿ ಶಾಫ್ಟ್ ಸವೆದು ಗೆರೆ ಬಿದ್ದಿದ್ದರೆ ಹೊಸ ಸೀಲ್ ಒಂದರಿಂದಲೇ ಪ್ರಯೋಜನವಿಲ್ಲ. ತೆಳುವಾದ ಸ್ಲೀವ್ ಹಾಕಿಸುವುದು ಸೂಕ್ತ.

ಪತ್ತೆಯ ಕೆಲಸಕ್ಕೆ ಬೆಲೆ ಕೊಡುವ ರೂಢಿ ವರ್ತಕರಲ್ಲಿ ಇನ್ನೂ ಬೆಳೆದಿಲ್ಲ. ಬಿಚ್ಚಿದ್ದಕ್ಕೆ ಕೂಲಿ, ಹಾಕಿದ ಬಿಡಿಭಾಗಕ್ಕೆ ಹಣ. ನೋಡಿ ಹೇಳಿದ್ದಕ್ಕೆ ಏನೂ ಇಲ್ಲ! ಹೀಗಿರುವಾಗ ಗ್ಯಾರೇಜಿನವರು ಬಿಚ್ಚುವುದಕ್ಕೇ ಮುಂದಾದರೆ ಅಚ್ಚರಿಯೇನು? ಅರ್ಧ ದಿನದ ಪರೀಕ್ಷೆಗೆ ಪ್ರತ್ಯೇಕ ಶುಲ್ಕ ನೀಡಿ, ಸೋರಿಕೆಯ ಜಾಗ, ಕಾರಣ, ಅಂದಾಜು ವೆಚ್ಚಗಳನ್ನು ಚೀಟಿಯಲ್ಲಿ ಬರೆಸಿಕೊಂಡ ನಂತರವೇ ದುರಸ್ತಿಗೆ ಒಪ್ಪುವುದು ಲೇಸು. ಇದರಿಂದ ನುರಿತ ಮೆಕ್ಯಾನಿಕನ ಅರಿವಿಗೆ ಗೌರವ, ಮಾಲೀಕನ ಹಣಕ್ಕೆ ರಕ್ಷಣೆ. ಎಂಟು ವರ್ಷ ಮೀರಿದ ಸರಕು ವಾಹನಕ್ಕೆ ಪ್ರತಿವರ್ಷ ಅರ್ಹತಾ ಪ್ರಮಾಣಪತ್ರ ನವೀಕರಿಸಬೇಕು. ಹದಿನೈದು ವರ್ಷ ಮೀರಿದವುಗಳ ಶುಲ್ಕವನ್ನು ಕೇಂದ್ರ ಸರ್ಕಾರ 2021ರ ಅಧಿಸೂಚನೆಯ ಮೂಲಕ ಏರಿಸಿತು. ಹಳೆಯ ಲಾರಿಯ ಪ್ರತಿ ರೂಪಾಯಿಯನ್ನೂ ಲೆಕ್ಕ ಹಾಕಬೇಕಾದ ಕಾಲವಿದು.

ಆಯುಧಪೂಜೆಗೆ ಲಾರಿಯನ್ನು ತೊಳೆದು, ಕುಂಕುಮವಿಟ್ಟು, ಬೂದುಗುಂಬಳಕಾಯಿ ಒಡೆಯುವುದು ನಮ್ಮ ಸಂಪ್ರದಾಯ. ಆ ದಿನ ಎಂಜಿನ್ನನ್ನೂ ತೊಳೆದು, ಮರುದಿನ ದೀಪ ಹಿಡಿದು ಅದರ ಕೆಳಗೆ ಇಣುಕಿ ನೋಡುವ ಅಭ್ಯಾಸವೊಂದು ಸೇರಿಕೊಂಡರೆ, ವರ್ಷದುದ್ದಕ್ಕೂ ದುಡಿಯುವ ಯಂತ್ರಕ್ಕೆ ಸಲ್ಲಿಸುವ ಪೂಜೆ ಪೂರ್ಣವಾದೀತು.