ಕೆರೆಯು ಬರಿಯ ನೀರಿನ ತೊಟ್ಟಿಯೆ?

ಬಯಲುಸೀಮೆಯಲ್ಲಿ ಹಕ್ಕಿಗಳೆಲ್ಲಿಯವು ಎಂಬ ಮಾತು ಮೇಗುಂದದಂತಹ ಮಲೆನಾಡಿನ ವಿದ್ಯಾವಂತರ ಮನೆಗಳಲ್ಲಿಯೂ ಕೇಳಿಬರುವುದುಂಟು. ತುಂಗಾಭದ್ರೆಯರ ನಡುವೆ ಮಳೆಯಲ್ಲಿ ತೊಯ್ದು ಬೆಳೆದವರ ಕಣ್ಣಿಗೆ, ಬೇಸಗೆಯಲ್ಲಿ ಬತ್ತಿ ಬಿರಿಯುವ ಕೆರೆಯು ಸತ್ತ ಕೆರೆಯಾಗಿ ತೋರುವುದು ಸಹಜವೇ. ಆದರೆ ಈ ಭ್ರಾಂತಿಯು ಜಗಲಿಯ ಮಾತಿನಲ್ಲಿ ನಿಲ್ಲದೆ ಶಾಸನದೊಳಕ್ಕೂ ಹೊಕ್ಕಿರುವುದರಿಂದ ಅದರ ಖಂಡನೆಯು ಅವಶ್ಯವಾಗಿದೆ.

ಪೂರ್ವಪಕ್ಷವು ಹೀಗಿದೆ: ಕೆರೆಯನ್ನು ಕಟ್ಟಿದವನು ಮನುಷ್ಯನು, ಕಟ್ಟಿದುದು ನೀರಾವರಿಗಾಗಿ, ಆದುದರಿಂದ ಅದನ್ನು ಆದಷ್ಟು ಆಳವಾಗಿ ಅಗೆದು, ಸುತ್ತಲೂ ಕಲ್ಲು ಕಟ್ಟಿ, ವರ್ಷವೆಲ್ಲ ತುಂಬಿಟ್ಟರೆ ಜನಕ್ಕೂ ಹಿತ, ಹಕ್ಕಿಗೂ ಹಿತ. ಕೇಂದ್ರಸರ್ಕಾರದ 2017ರ ಜೌಗುಭೂಮಿ ನಿಯಮಗಳೂ ಇದೇ ದಾರಿಯನ್ನು ಹಿಡಿದು, ನೀರಾವರಿಗೆಂದೇ ನಿರ್ಮಿಸಿದವುಗಳನ್ನು ಜೌಗುಭೂಮಿಯ ಲಕ್ಷಣದಿಂದಲೇ ಹೊರಗಿಟ್ಟಿವೆ. ಲಕ್ಷಣವು ಲಕ್ಷ್ಯವನ್ನೇ ಬಿಟ್ಟುಬಿಟ್ಟರೆ ಅದು ಅವ್ಯಾಪ್ತಿದೋಷವೆಂಬುದನ್ನು ತರ್ಕಸಂಗ್ರಹ ಓದಿದ ಬಾಲಕನೂ ಬಲ್ಲನು. ಕನ್ನಡನಾಡಿನ ಒಣಸೀಮೆಯಲ್ಲಿ ನೀರಾವರಿಗಲ್ಲದೆ ಕಟ್ಟಿದ ಕೆರೆಗಳು ಎಷ್ಟಿವೆ?

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರವೂ ಗದಗ ಜಿಲ್ಲೆಯ ಮಾಗಡಿಯ ಕೆರೆಯೂ ಮನುಷ್ಯರು ಕಟ್ಟಿದವುಗಳೇ. ಇವೆರಡೂ ರಾಮ್ಸರ್ ಒಪ್ಪಂದದ ಜಾಗತಿಕ ಪಟ್ಟಿಗೆ ಸೇರಿದುವೆಂದು 2024ನೆಯ ಜನವರಿ 31ರಂದು ಪ್ರಕಟವಾಯಿತು. ಅಂಕಸಮುದ್ರದ ಕರಿಜಾಲಿಯ ಮರಗಳಲ್ಲಿ ಬಣ್ಣದ ಕೊಕ್ಕರೆ, ಬಾಯ್ಕಳಕಗಳು ಗೂಡು ಕಟ್ಟುತ್ತವೆ. ಮಾಗಡಿಗೆ ಚಳಿಗಾಲದಲ್ಲಿ ಹಿಮಾಚಲವನ್ನು ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಮಂಗೋಲಿಯಾದಲ್ಲಿ ಕೊರಳಿಗೆ ಗುರುತಿನ ಪಟ್ಟಿ ತೊಡಿಸಿದ ಹೆಬ್ಬಾತುಗಳೂ ಕರ್ನಾಟಕದ ಕೆರೆಗಳಲ್ಲಿ ಕಂಡುಬಂದಿವೆ. ಮೇಘದೂತವನ್ನು ಮುಂದಿಟ್ಟುಕೊಂಡು ಮಾನಸಸರೋವರಕ್ಕೆ ಹೊರಟ ರಾಜಹಂಸಗಳನ್ನು ವರ್ಣಿಸುವ ಪಂಡಿತರು ಈ ಅತಿಥಿಗಳನ್ನು ಒಮ್ಮೆಯಾದರೂ ಹೋಗಿ ನೋಡಬಾರದೆ? ಪಟ್ಟಿಗೆ ಸೇರಿದ ಕೆರೆಗೆ ನಿಯಮದ ರಕ್ಷೆಯುಂಟು. ಅದೇ ಹಕ್ಕಿ ಹಗಲು ಹಾರಿ ಮೇಯುವ ನೆರೆಯೂರ ಕೆರೆಗೆ ಅದಿಲ್ಲ.

ಇನ್ನು ಆಳದ ವಿಚಾರ. ಬಣ್ಣದ ಕೊಕ್ಕರೆಯು ಕಣ್ಣಿನಿಂದ ಮೀನು ಹಿಡಿಯುವುದಕ್ಕಿಂತ ಹೆಚ್ಚಾಗಿ ಸ್ಪರ್ಶದಿಂದ ಹಿಡಿಯುತ್ತದೆ. ಕೊಕ್ಕನ್ನು ಅರೆ ತೆರೆದು ಅದು ನಡೆಯಬೇಕಾದುದು ಮೊಣಕಾಲು ಮಟ್ಟದ ನೀರಿನಲ್ಲಿ. ಮೆಟ್ಟುಗಾಲು ಹಕ್ಕಿಗೂ ಚಮಚಕೊಕ್ಕಿಗೂ ಬೇಕಾದುದು ಅಂಚಿನ ತೆಳುನೀರೇ. ಗದ್ದೆಗೊರವಕ್ಕೆ ಬೇಕಾದುದು ನೀರು ಆಗತಾನೇ ಬಿಟ್ಟುಹೋದ ಹಸಿಕೆಸರು. ನೀರು ಇಳಿಯುತ್ತ ಬಂದಂತೆ ಮೀನುಗಳು ಒತ್ತೊತ್ತಾಗಿ ಮರಿಗಳ ಹೊಟ್ಟೆ ತುಂಬುತ್ತದೆ. ಕೆರೆಯನ್ನು ಬಾವಿಯನ್ನಾಗಿ ಮಾಡಿದರೆ ಅಲ್ಲಿ ಉಳಿಯುವವು ಮುಳುಗಿ ಮೇಯಬಲ್ಲ ನೀರುಕಾಗೆ, ಗುಳುಮುಳುಕಗಳು. ಕಾಲೂರಿ ಮೇಯುವ ಹಕ್ಕಿಗೆ ಅಲ್ಲಿ ಎಡೆಯೆಲ್ಲಿ?

ಇದಕ್ಕೆ ನಿದರ್ಶನವನ್ನು ಹುಡುಕಿಕೊಂಡು ಬಯಲುಸೀಮೆಗೇ ಹೋಗಬೇಕಾಗಿಲ್ಲ. ನರಸಿಂಹರಾಜಪುರದ ಮಗ್ಗುಲಿಗೇ ಹರಡಿರುವ ಭದ್ರಾ ಜಲಾಶಯದಲ್ಲಿ ಬೇಸಗೆಯ ನೀರಿಳಿತದಿಂದ ನಡುಗಡ್ಡೆಗಳು ತಲೆಯೆತ್ತಿದಾಗಲೇ ನದಿ ರೀವಗಳು ಬರಿಯ ನೆಲವನ್ನು ಕೆರೆದು ಮೊಟ್ಟೆಯಿಡುತ್ತವೆ. ಇಳಿಯದಿದ್ದರೆ ಗಡ್ಡೆಯಿಲ್ಲ, ಗಡ್ಡೆಯಿಲ್ಲದಿದ್ದರೆ ಸಂತಾನವಿಲ್ಲ.

ಹೂಳೆತ್ತಬಾರದೆ ಎಂದು ಕೇಳುವವರುಂಟು. ಧಾರಾಳವಾಗಿ ಎತ್ತಲಿ. ರೈತರು ಬತ್ತಿದ ಅಂಗಳದ ಮೇಲುಮಣ್ಣನ್ನು ಗಾಡಿಗಳಲ್ಲಿ ಹೊಲಕ್ಕೆ ಹೇರುತ್ತಿದ್ದಾಗ ಕೆರೆಯ ಇಳಿಜಾರು ಇದ್ದಂತೆಯೇ ಉಳಿಯುತ್ತಿತ್ತು. ಯಂತ್ರವು ತೋಡುವುದು ಹೂಳನ್ನಲ್ಲ, ಗೋಡೆಯಂತಹ ದಡದ ಹೊಂಡವನ್ನು. ದನವು ಇಳಿದರೆ ಏರಲಾರದು. ಜನಕ್ಕೇ ನೀರಿಲ್ಲದಾಗ ಹಕ್ಕಿಯ ಚಿಂತೆಯೇಕೆಂದು ಆಕ್ಷೇಪಿಸುವವರು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನು ನೋಡಲಿ. ಅಲ್ಲಿ ಹೆಜ್ಜಾರ್ಲೆಗಳು ಮನೆಯಂಗಳದ ಹುಣಿಸೆಮರಗಳಲ್ಲಿ ಗೂಡು ಕಟ್ಟುತ್ತವೆ. ಅವುಗಳ ಹಿಕ್ಕೆಯು ಹೊಲಕ್ಕೆ ಗೊಬ್ಬರವಾಗಿದೆ. ಆ ಗ್ರಾಮಸ್ಥರಿಗೆ ಈ ಪ್ರಶ್ನೆಯು ಏಳಲೇ ಇಲ್ಲ.

ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ತುಂಗೆಯ ನೀರನ್ನು ಭದ್ರೆಗೆ ಎತ್ತಿ, ಅಲ್ಲಿಂದ ಒಣಸೀಮೆಯ 367 ಕೆರೆಗಳನ್ನು ಅವುಗಳ ಅರ್ಧದಷ್ಟು ತುಂಬಿಸುವ ಸಂಕಲ್ಪವಿದೆ. ಮೇಗುಂದದ ಸೂರುಗಳಿಂದ ಇಳಿದ ಮಳೆಯೂ ಆ ನೀರಿನಲ್ಲಿ ಸೇರಿರುತ್ತದೆ. ಆದುದರಿಂದ ಇಲ್ಲಿನವರಿಗೂ ಕೇಳುವ ಹಕ್ಕುಂಟು. ಅರ್ಧವೆಂಬ ಆ ಮಿತಿಯು ಕಾಗದದಲ್ಲಿ ಮಾತ್ರ ಉಳಿಯಬಾರದು. ಪ್ರತಿಯೊಂದು ಕೆರೆಯ ಒಂದು ಮಗ್ಗುಲಾದರೂ ಯಂತ್ರ ಮುಟ್ಟದ ಇಳಿಜಾರಾಗಿರಬೇಕು. ಅಂಗಳದ ಜಾಲಿಯನ್ನು ಗೂಡುಕಟ್ಟುವ ಕಾಲದಲ್ಲಿ ಕಡಿಯಬಾರದು. 2017ರ ನಿಯಮದಲ್ಲಿನ ನೀರಾವರಿಯೆಂಬ ಆ ಒಂದು ಪದವನ್ನು ತೆಗೆದುಹಾಕಬೇಕು.