ಬೆಳೆ ಕಾಯುವ ಕೋವಿ: ಅಮೆರಿಕದ ರೈಫಲು ನಮ್ಮ ತೋಟಕ್ಕೆ ಹೊಂದೀತೆ?

ಕಾಡುಹಂದಿಯನ್ನು ಕೊಲ್ಲಲು ರೈತನಿಗೆ ಅನುಮತಿ ನೀಡಬೇಕೆ ಬೇಡವೆ ಎಂಬ ವಾದ ದಕ್ಷಿಣದ ರಾಜ್ಯಗಳಲ್ಲಿ ವರ್ಷದಿಂದ ವರ್ಷಕ್ಕೆ ಬಿಸಿಯೇರುತ್ತಿದೆ. ಬೆಳೆನಾಶ ಮಾಡುವ ಹಂದಿಗಳನ್ನು ಹೊಡೆಯಲು ಆದೇಶಿಸುವ ಅಧಿಕಾರವನ್ನು ಕೇರಳ ಸರ್ಕಾರವು 2022ರ ಮೇ ತಿಂಗಳಿನಲ್ಲಿ ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ವಹಿಸಿತು. 2025ರ ಅಕ್ಟೋಬರಿನಲ್ಲಿ ಅಲ್ಲಿನ ವಿಧಾನಸಭೆಯು ಇನ್ನೂ ಮುಂದೆ ಹೋಗಿ, ಕೇಂದ್ರದ ವನ್ಯಜೀವಿ ಸಂರಕ್ಷಣಾ ಕಾಯ್ದೆಗೇ ತಿದ್ದುಪಡಿ ತರುವ ಮಸೂದೆಯನ್ನು ಅಂಗೀಕರಿಸಿತು. ಇತ್ತ ಕೊಡಗು, ಮಲೆನಾಡು ಹಾಗೂ ಕರಾವಳಿಯ ಬೆಳೆಗಾರರ ಬೇಡಿಕೆಯೂ ಇದೇ ದಿಕ್ಕಿನಲ್ಲಿದೆ.

ಈ ವಾದದಲ್ಲಿ ಯಾವ ಪ್ರಾಣಿಯನ್ನು ಕೊಲ್ಲಬಹುದು, ಅನುಮತಿ ಕೊಡುವವರು ಯಾರು, ಪರಿಹಾರ ಎಷ್ಟು ಎಂಬ ಪ್ರಶ್ನೆಗಳೆಲ್ಲ ಬರುತ್ತವೆ. ಆದರೆ ಯಾವ ಕೋವಿಯಿಂದ, ಯಾವ ಗುಂಡಿನಿಂದ ಎಂಬ ಪ್ರಶ್ನೆ ಕೇಳಿಬರುವುದು ತೀರಾ ವಿರಳ. ಅದು ಬೇಟೆಗಾರರ ಹವ್ಯಾಸದ ಮಾತು, ನೀತಿ ನಿರೂಪಣೆಗೆ ಸಂಬಂಧಿಸಿದ್ದಲ್ಲ ಎಂಬ ಭಾವನೆ ಇರುವಂತಿದೆ. ವಾಸ್ತವವಾಗಿ ಹಾರಿಸಿದ ಗುಂಡು ಎಲ್ಲಿ ಹೋಗಿ ನಿಲ್ಲುತ್ತದೆ ಎಂಬುದನ್ನು ನಿರ್ಧರಿಸುವುದು ಈ ಆಯ್ಕೆಯೇ. ಊರು, ತೋಟ, ಕಾಡು ಮೂರೂ ಒಂದಕ್ಕೊಂದು ಹೆಣೆದುಕೊಂಡಿರುವ ನಾಡಿನಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿರಲಾರದು.

ಅಮೆರಿಕದ ಆಯ್ಕೆ

ಈ ಪ್ರಶ್ನೆಗೆ ಅತ್ಯಂತ ವಿವರವಾಗಿ ಉತ್ತರ ಕಂಡುಕೊಂಡಿರುವ ದೇಶ ಅಮೆರಿಕ. ಬೆಳೆಗೆ, ಹುಲ್ಲುಗಾವಲಿಗೆ ಉಪದ್ರವ ಕೊಡುವ ಪ್ರಾಣಿಗಳನ್ನು ಅಲ್ಲಿನ ಗ್ರಾಮೀಣರು ‘ವರ್ಮಿಂಟ್’ ಎಂದು ಕರೆಯುತ್ತಾರೆ. ನಮ್ಮ ಕಾಯ್ದೆಯಲ್ಲಿ ಪೀಡಕ ಪ್ರಾಣಿಗೆ ಬಳಸಿರುವ ‘ವರ್ಮಿನ್’ ಎಂಬ ಪದದ ಆಡುನುಡಿಯ ರೂಪವೇ ಅದು. ಈ ಪ್ರಾಣಿಗಳಿಗೆಂದೇ ಅಲ್ಲಿ ಪ್ರತ್ಯೇಕ ಬಗೆಯ ರೈಫಲುಗಳು ರೂಪುಗೊಂಡಿವೆ. ಅವುಗಳ ಮುಖ್ಯ ಗುರುತು ದಪ್ಪ, ಭಾರದ ನಳಿಗೆ.

ನಳಿಗೆ ದಪ್ಪವಿರಬೇಕೇಕೆ? ಅಮೆರಿಕದ ಪಶ್ಚಿಮ ಬಯಲಿನಲ್ಲಿ ಹೊಡೆಯುವ ಪ್ರಮುಖ ಪ್ರಾಣಿ ಪ್ರೇರಿ ಡಾಗ್. ಹೆಸರಿನಲ್ಲಿ ನಾಯಿ ಇದ್ದರೂ ಇದು ಅಳಿಲಿನ ಕುಟುಂಬಕ್ಕೆ ಸೇರಿದ, ಒಂದು ಕಿಲೋ ಆಸುಪಾಸು ತೂಗುವ ಬಿಲವಾಸಿ. ಒಂದೊಂದು ವಸಾಹತಿನಲ್ಲಿ ನೂರಾರು ಬಿಲಗಳಿರುತ್ತವೆ. ಬೇಟೆಗಾರನು ಒಂದೇ ಕಡೆ ಮೇಜು ಹಾಕಿಕೊಂಡು ಕುಳಿತು, 200-300 ಮೀಟರ್ ದೂರದ ಅಂಗೈಯಗಲದ ಗುರಿಗೆ ದಿನವಿಡೀ ಗುಂಡು ಹಾರಿಸುತ್ತಾನೆ. ಸಾಧಾರಣ ಬೇಟೆಯ ರೈಫಲಿನ ತೆಳು ನಳಿಗೆಯು ಕೆಲವೇ ಗುಂಡುಗಳಿಗೆ ಕಾದು, ಗುರಿ ಅತ್ತಿತ್ತ ಸರಿಯತೊಡಗುತ್ತದೆ. ದಪ್ಪ ನಳಿಗೆಯಲ್ಲಿ ಲೋಹ ಹೆಚ್ಚಿರುವುದರಿಂದ ಅದು ನಿಧಾನವಾಗಿ ಕಾಯುತ್ತದೆ, ಕಂಪನವೂ ಕಡಿಮೆ. ಭಾರದಿಂದಾಗಿ ಹಿಂದೊದೆತ ತಗ್ಗುವ ಕಾರಣ, ಗುಂಡು ತಗುಲಿತೋ ಇಲ್ಲವೋ ಎಂಬುದನ್ನು ಹೊಡೆದಾತನೇ ದೂರದರ್ಶಕದಲ್ಲಿ ನೋಡಬಲ್ಲ. ಹೊತ್ತು ತಿರುಗುವುದು ಕಷ್ಟ ಎಂಬುದು ಇದರ ದೋಷ. ಕುಳಿತಲ್ಲೇ ಹೊಡೆಯುವವನಿಗೆ ಅದು ದೋಷವೇ ಅಲ್ಲ.

ಗುಂಡಿನ ಆಯ್ಕೆಯೂ ಇದೇ ತರ್ಕವನ್ನು ಅನುಸರಿಸುತ್ತದೆ. ಸಣ್ಣ ಪ್ರಾಣಿಗೆ ಸಣ್ಣ, ಹಗುರ ಮತ್ತು ಅತಿವೇಗದ ಗುಂಡು ಸಾಕು. ಹೆಚ್ಚು ಜನಪ್ರಿಯವಾದ .223 ರೆಮಿಂಗ್‌ಟನ್‌ನ ಗುಂಡಿನ ವ್ಯಾಸ 5.7 ಮಿಲಿಮೀಟರ್; ಸಾಮಾನ್ಯವಾಗಿ ಮೂರೂವರೆ ಗ್ರಾಂ ತೂಗುವ ಅದು ಸೆಕೆಂಡಿಗೆ ಸುಮಾರು 990 ಮೀಟರ್ ವೇಗದಲ್ಲಿ ನಳಿಗೆಯಿಂದ ಹೊರಬೀಳುತ್ತದೆ. ಅದೇ ವ್ಯಾಸದ .22-250 ರೆಮಿಂಗ್‌ಟನ್ ಇನ್ನೂ ವೇಗವಾಗಿ, ಸೆಕೆಂಡಿಗೆ 1,100 ಮೀಟರಿಗೂ ಮೀರಿ ಸಾಗುತ್ತದೆ. ಹೀಗಾಗಿ ಹೆಚ್ಚು ದೂರದವರೆಗೆ ಗುರಿಗೆ ನೇರವಾಗಿರುತ್ತದೆ. ಆದರೆ ಹೆಚ್ಚು ಮದ್ದು ಉರಿಯುವುದರಿಂದ ನಳಿಗೆ ಬೇಗ ಕಾದು, ಬೇಗ ಸವೆಯುತ್ತದೆ. 2002ರಲ್ಲಿ ಬಂದ .17 ಎಚ್‌ಎಂಆರ್‌ನ ಗುಂಡು ತೂಗುವುದು ಬರೀ ಒಂದು ಗ್ರಾಂನಷ್ಟು. ಸದ್ದು, ಒದೆತ ಎರಡೂ ಕಡಿಮೆ. ಗಾಳಿ ಬೀಸಿದರೆ ದಾರಿ ತಪ್ಪುವುದೂ ಅಷ್ಟೇ ಸುಲಭ. ಆದ್ದರಿಂದಲೇ ದಿನಕ್ಕೆ ನೂರಾರು ಗುಂಡು ಸುಡುವವನು ಅಗ್ಗವೂ ನಳಿಗೆಗೆ ಹಿತವೂ ಆದ .223ನ್ನು ಆರಿಸಿಕೊಂಡರೆ, ದೂರವೇ ಮುಖ್ಯ ಎನ್ನುವವನು .22-250ರ ಕಡೆ ವಾಲುತ್ತಾನೆ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಈ ಬೇಟೆಯ ಗುಂಡುಗಳ ಹೊರಕವಚವನ್ನು ಬೇಕೆಂದೇ ತೆಳುವಾಗಿ ಮಾಡಲಾಗುತ್ತದೆ. ಪ್ರಾಣಿಗೆ ತಗುಲಿದೊಡನೆ ಅಥವಾ ನೆಲಕ್ಕೆ ಬಡಿದೊಡನೆ ಅವು ಒಡೆದು ಚೂರಾಗುತ್ತವೆ. ಗುಂಡು ನೆಲಕ್ಕೆ ಬಡಿದು ಪುಟಿದು ಮತ್ತೆಲ್ಲಿಗೋ ಹಾರುವ ಅಪಾಯ ಇದರಿಂದ ಪೂರ್ತಿ ಇಲ್ಲವಾಗದಿದ್ದರೂ ಗಣನೀಯವಾಗಿ ತಗ್ಗುತ್ತದೆ. ಪ್ರಾಣಿಯ ಗಾತ್ರ, ನೆಲದ ವಿಸ್ತಾರ, ಕಾನೂನಿನಲ್ಲಿ ಆ ಪ್ರಾಣಿಗಿರುವ ಸ್ಥಾನ, ಈ ಮೂರರ ಮೇಲೆ ಅಮೆರಿಕದ ಆಯ್ಕೆ ನಿಂತಿದೆ. ಮೂರರಲ್ಲಿ ಒಂದು ಬದಲಾದರೂ ಲೆಕ್ಕ ತಪ್ಪುತ್ತದೆ.

ಅಲ್ಲಿಯೂ ಈ ಲೆಕ್ಕ ಪ್ರಶ್ನಾತೀತವಾಗಿ ಉಳಿದಿಲ್ಲ. ಪ್ರೇರಿ ಡಾಗ್‌ಗಳನ್ನೇ ತಿಂದು ಬದುಕುವ ಕಪ್ಪುಪಾದದ ಫೆರೆಟ್ ಎಂಬ ಪ್ರಾಣಿ ಅಳಿದೇಹೋಯಿತೆಂದು ನಂಬಲಾಗಿತ್ತು. 1981ರಲ್ಲಿ ವಯೋಮಿಂಗ್ ರಾಜ್ಯದ ಮೀಟೀಟ್ಸಿ ಬಳಿ ಅದರ ಕೊನೆಯ ಗುಂಪೊಂದು ಪತ್ತೆಯಾದ ಮೇಲೆ, ಪೀಡೆಯೆಂದು ಹೊಡೆದ ಪ್ರಾಣಿ ಇನ್ನೊಂದರ ಅನ್ನವೂ ಆಗಿತ್ತು ಎಂಬುದು ಮನವರಿಕೆಯಾಯಿತು. ಗುಂಡಿನ ಸೀಸದ ಚೂರುಗಳಿದ್ದ ಮಾಂಸ ತಿಂದು ಕಾಂಡೋರ್ ರಣಹದ್ದುಗಳು ಸಾಯುತ್ತಿದ್ದ ಕಾರಣ, ಕ್ಯಾಲಿಫೋರ್ನಿಯಾ ರಾಜ್ಯವು 2019ರ ಜುಲೈನಿಂದ ಎಲ್ಲ ಬಗೆಯ ಬೇಟೆಯಲ್ಲೂ ಸೀಸದ ಗುಂಡನ್ನು ನಿಷೇಧಿಸಿತು.

ನಮ್ಮ ಹಂದಿ, ನಮ್ಮ ನೆಲ

ಈಗ ಈ ಮೂರು ಅಂಶಗಳನ್ನು ಕರ್ನಾಟಕಕ್ಕೆ ಅನ್ವಯಿಸಿ ನೋಡೋಣ. ಮೊದಲನೆಯದು ಪ್ರಾಣಿ. ಬಲಿತ ಗಂಡು ಕಾಡುಹಂದಿ ನೂರು ಕಿಲೋ ಮೀರಬಲ್ಲದು. ಅದರ ಹೆಗಲ ಮೇಲಿನ ದಪ್ಪ ಚರ್ಮ ಗುರಾಣಿಯಂತಿರುತ್ತದೆ. ಅಳಿಲಿನ ಜಾತಿಯ ಪ್ರಾಣಿಗೆಂದು ಮಾಡಿದ, ಮುಟ್ಟಿದೊಡನೆ ಪುಡಿಯಾಗುವ ಗುಂಡು ಈ ಹೆಗಲಿಗೆ ಬಿದ್ದರೆ ಮೇಲ್ಪದರದಲ್ಲೇ ಚೂರಾಗಿ, ಸಾಯಿಸದೆ ಗಾಯಗೊಳಿಸುವ ಸಂಭವವೇ ಹೆಚ್ಚು. ಗಾಯಗೊಂಡ ಹಂದಿ ಮರುದಿನ ತೋಟದ ಕೆಲಸಕ್ಕೆ ಬಂದವರ ಮೇಲೆರಗಿದರೆ ಅದರ ಹೊಣೆ ಯಾರದು?

ಎರಡನೆಯದು ನೆಲ. ಹಂದಿಯನ್ನು ಒಂದೇ ಏಟಿಗೆ ಕೆಡವಬಲ್ಲ ಭಾರದ ಗುಂಡಿನ ರೈಫಲುಗಳು ಇಲ್ಲವೆಂದಲ್ಲ. ಪಶ್ಚಿಮ ಬಂಗಾಳದ ಇಷಾಪುರದ ಕಾರ್ಖಾನೆಯಲ್ಲಿ ತಯಾರಾಗುವ .315 ರೈಫಲು ನಮ್ಮಲ್ಲಿ ಪರವಾನಗಿದಾರರಿಗೆ ದಶಕಗಳಿಂದ ಪರಿಚಿತ; .30-06 ಇನ್ನೂ ಶಕ್ತಿಶಾಲಿ. ತೊಂದರೆಯಿರುವುದು ಗುರಿ ತಪ್ಪಿದ ಗುಂಡಿನಲ್ಲಿ. .30-06ರ ಗುಂಡು ಅಡ್ಡಿಯಿಲ್ಲದಿದ್ದರೆ ಮೂರು ಕಿಲೋಮೀಟರ್‌ಗೂ ಮೀರಿ ಹೋಗಬಲ್ಲದು. ಸಣ್ಣದೆಂದು ತಿಳಿಯುವ .22 ಗುಂಡು ಕೂಡ ಒಂದೂವರೆ ಕಿಲೋಮೀಟರ್ ದಾಟಬಲ್ಲದು. ಮೂಡಿಗೆರೆಯಲ್ಲಾಗಲಿ, ತೀರ್ಥಹಳ್ಳಿಯಲ್ಲಾಗಲಿ, ಸುಳ್ಯದಲ್ಲಾಗಲಿ ಮೂರು ಕಿಲೋಮೀಟರ್ ಉದ್ದಕ್ಕೂ ಮನೆ, ರಸ್ತೆ, ಕೊಟ್ಟಿಗೆ ಯಾವುದೂ ಸಿಗದ ದಿಕ್ಕನ್ನು ಹುಡುಕುವುದು ಕಷ್ಟ. ಜೊತೆಗೆ ಹಂದಿ ಗದ್ದೆಗಿಳಿಯುವುದು ರಾತ್ರಿ. ಹಂದಿಯೆಂದು ಭ್ರಮಿಸಿ ಜೊತೆಗಾರನನ್ನೇ ಹೊಡೆದ ಪ್ರಕರಣಗಳು ಮಲೆನಾಡು, ಕೊಡಗುಗಳಿಂದ ಆಗಾಗ ವರದಿಯಾಗಿವೆ. ಹಂದಿಗೆ ಸಾಕಾಗುವ ರೈಫಲು ಊರಿಗೆ ಅತಿಯಾಗುತ್ತದೆ; ಊರಿಗೆ ತಕ್ಕಷ್ಟು ಹಗುರಾದುದು ಹಂದಿಗೆ ಸಾಲುವುದಿಲ್ಲ. ಇದೇ ನಮ್ಮ ಇಕ್ಕಟ್ಟು.

ಕುತೂಹಲದ ಸಂಗತಿಯೆಂದರೆ, ನಮ್ಮ ಶಾಸನವು ಈ ಇಕ್ಕಟ್ಟನ್ನು ಬಹಳ ಹಿಂದೆಯೇ ಗ್ರಹಿಸಿದಂತಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು ಬೆಳೆರಕ್ಷಣೆಗೆ ಹೆಸರಿಸುವುದು ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು. ಅದು ಸಾಲದೆಂದು ಪರವಾನಗಿ ಅಧಿಕಾರಿಗೆ ಮನವರಿಕೆಯಾದರೆ 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ, ಒಳಗೆ ಸುರುಳಿಗೆರೆಗಳಿಲ್ಲದ ಕೋವಿಗೆ ಅನುಮತಿ ಕೊಡಬಹುದು. ಬೆಳೆರಕ್ಷಣೆಯ ಈ ನಿಯಮದಲ್ಲಿ ರೈಫಲಿನ ಮಾತೇ ಇಲ್ಲ. ಹನ್ನೆರಡು ಬೋರಿನ ತೋಟಾಕೋವಿಯ ದಪ್ಪ ಚರೆಯು 30-40 ಮೀಟರಿನೊಳಗೆ ಹಂದಿಯನ್ನು ಕೆಡವಬಲ್ಲದು. ಅದರಾಚೆಗೆ ಬೇಗನೆ ಬಲ ಕಳೆದುಕೊಳ್ಳುತ್ತದೆ. ಬೇಟೆಗಾರನ ದೃಷ್ಟಿಯಲ್ಲಿ ಇದು ಕೊರತೆ. ಪಕ್ಕದ ಮನೆಯವನ ದೃಷ್ಟಿಯಲ್ಲಿ ಇದುವೇ ಅದರ ಗುಣ.

ಮೂರನೆಯದು ಕಾನೂನಿನ ಸ್ಥಾನ. ಕೋವಿಯ ಪರವಾನಗಿ ಇದ್ದಮಾತ್ರಕ್ಕೆ ಹಂದಿ ಹೊಡೆಯುವ ಹಕ್ಕು ಬಂದಂತಲ್ಲ. ಕೊಡಗಿನವರಿಗೆ ಶಸ್ತ್ರಾಸ್ತ್ರ ಪರವಾನಗಿಯಿಂದಲೇ ಇರುವ ವಿನಾಯಿತಿಯೂ, 2021ರಲ್ಲಿ ರಾಜ್ಯ ಹೈಕೋರ್ಟ್ ಎತ್ತಿಹಿಡಿದ ಆ ವಿನಾಯಿತಿಯೂ, ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದೇ ಹೊರತು ಬೇಟೆಗೆ ಸಂಬಂಧಿಸಿದ್ದಲ್ಲ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಂದು ಜಾರಿಗೆ ಬಂದ ನಂತರ ಕಾಡುಹಂದಿಯು ವನ್ಯಜೀವಿ ಕಾಯ್ದೆಯ ಎರಡನೇ ಅನುಸೂಚಿಯಲ್ಲಿದೆ. ಬೆಳೆಗೆ ಅಪಾಯವಾದಾಗ ಅದನ್ನು ಹೊಡೆಯಲು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದವರು 11ನೇ ಕಲಮಿನಡಿ ಲಿಖಿತ ಅನುಮತಿ ನೀಡಬೇಕು. ಇಡೀ ಪ್ರದೇಶಕ್ಕೆ ಅನ್ವಯಿಸುವಂತೆ ನಿಗದಿತ ಅವಧಿಗೆ ಪೀಡಕ ಪ್ರಾಣಿಯೆಂದು ಘೋಷಿಸುವ ಅಧಿಕಾರ 62ನೇ ಕಲಮಿನ ಪ್ರಕಾರ ಕೇಂದ್ರದ್ದು. 2015-16ರಲ್ಲಿ ಬಿಹಾರದ ನೀಲಗಾಯ್ ಹಾಗೂ ಕಾಡುಹಂದಿ, ಉತ್ತರಾಖಂಡದ ಕಾಡುಹಂದಿ, ಹಿಮಾಚಲದ ಕೋತಿಗಳ ವಿಷಯದಲ್ಲಿ ಈ ಅಧಿಕಾರ ಬಳಕೆಯಾಯಿತು. 2016ರ ಜೂನ್‌ನಲ್ಲಿ ಬಿಹಾರದ ಮೊಕಾಮಾದಲ್ಲಿ ಹೊರಗಿನಿಂದ ಕರೆಸಿದ ಬೇಟೆಗಾರರು ಇನ್ನೂರಕ್ಕೂ ಹೆಚ್ಚು ನೀಲಗಾಯ್‌ಗಳನ್ನು ಕೊಂದಾಗ, ಕೇಂದ್ರ ಸರ್ಕಾರದ ಇಬ್ಬರು ಸಚಿವರು, ಮೇನಕಾ ಗಾಂಧಿ ಮತ್ತು ಪ್ರಕಾಶ್ ಜಾವಡೇಕರ್, ಬಹಿರಂಗವಾಗಿಯೇ ವಿರುದ್ಧ ನಿಲುವು ತಳೆದರು.

ಬೇಟೆಯಿಂದ ಹಂದಿ ಕಡಿಮೆಯಾಗುತ್ತದೆಯೆ?

ಮುಕ್ತ ಬೇಟೆಗೆ ಅವಕಾಶ ಕೊಟ್ಟರೆ ಹಂದಿಯ ಸಂಖ್ಯೆ ತಾನಾಗಿ ಇಳಿಯುತ್ತದೆ ಎಂಬ ನಂಬಿಕೆಗೂ ಅಮೆರಿಕದಲ್ಲೇ ಉತ್ತರವಿದೆ. ಅಲ್ಲಿನ ಕಾಡುಹಂದಿ ಹೊರಗಿನಿಂದ ಬಂದು ಹರಡಿದ ಪ್ರಾಣಿ. ಟೆನ್ನೆಸ್ಸಿ ರಾಜ್ಯವು 1999ರಲ್ಲಿ ಅದರ ಬೇಟೆಯನ್ನು ರಾಜ್ಯದಾದ್ಯಂತ ಮುಕ್ತಗೊಳಿಸಿತು. ಪರಿಣಾಮ ಉಲ್ಟಾ ಆಯಿತು: ಬೇಟೆಯ ಮೋಜಿಗಾಗಿ ಜನರೇ ಹಂದಿಗಳನ್ನು ಹಿಡಿದು ಹೊಸ ಜಾಗಗಳಿಗೆ ಬಿಟ್ಟರು, ಕೆಲವೇ ಜಿಲ್ಲೆಗಳಲ್ಲಿದ್ದ ಹಂದಿ ಬಹುಪಾಲು ರಾಜ್ಯವನ್ನು ಆವರಿಸಿತು. 2011ರಲ್ಲಿ ಸರ್ಕಾರ ನೀತಿಯನ್ನೇ ತಿರುಗಿಸಬೇಕಾಯಿತು. ಕಾನ್ಸಾಸ್ 2006ರಲ್ಲೇ ಹಂದಿಯ ಮೋಜಿನ ಬೇಟೆಯನ್ನು ನಿಷೇಧಿಸಿತ್ತು. ಒಂದೆರಡನ್ನು ಹೊಡೆದರೆ ಉಳಿದ ಹಿಂಡು ಚದುರಿ ನೆರೆಯ ಹೊಲಕ್ಕೆ ಹೋಗುತ್ತದೆ. ಇಡೀ ಹಿಂಡನ್ನು ದೊಡ್ಡ ಬೋನಿಗೆ ಬೀಳಿಸುವುದೇ ಹೆಚ್ಚು ಫಲಕಾರಿ ಎಂಬ ಅನುಭವ ಅಲ್ಲಿನ ಇಲಾಖೆಗಳದು. ನಮ್ಮ ಹಂದಿಯಾದರೋ ಇದೇ ನೆಲದ್ದು. ಹುಲಿ, ಚಿರತೆ, ಸೀಳುನಾಯಿಗಳ ಆಹಾರ. ಅದನ್ನು ನಿರ್ಮೂಲ ಮಾಡುವುದು ಗುರಿಯಾಗಲಾರದು.

ಹಾಗೆಂದು ರೈತನ ಕೈಕಟ್ಟಿ ಕೂರಿಸುವುದೂ ಪರಿಹಾರವಲ್ಲ. ಒಂದು ರಾತ್ರಿಯಲ್ಲಿ ಭತ್ತದ ಗದ್ದೆ, ಮರಗೆಣಸಿನ ಸಾಲು ನೆಲಸಮವಾದವನಿಗೆ ಕಾನೂನಿನ ದಾರಿ ದೂರವೆನಿಸಿದಾಗ ಅವನ ಕೈಗೆಟುಕುವುದು ಉರುಳು, ಸಿಡಿಮದ್ದು, ವಿದ್ಯುತ್ ತಂತಿ. ಹಂದಿಗಿಟ್ಟ ಉರುಳಿಗೆ ಚಿರತೆಗಳು ಬಿದ್ದು ಸತ್ತ ನಿದರ್ಶನಗಳು ನಮ್ಮ ರಾಜ್ಯದಲ್ಲಿ ಸಾಕಷ್ಟಿವೆ. 2020ರ ಮೇ ತಿಂಗಳಿನಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಗರ್ಭಿಣಿ ಆನೆಯೊಂದು ಸಿಡಿಮದ್ದು ಕಚ್ಚಿ ನದಿಯ ನೀರಿನಲ್ಲಿ ನಿಂತೇ ಪ್ರಾಣಬಿಟ್ಟುದನ್ನು ದೇಶ ಮರೆತಿಲ್ಲ. ಇವುಗಳೊಡನೆ ಹೋಲಿಸಿದರೆ, ಗುರುತಿಸಿದ ಪ್ರಾಣಿಯ ಮೇಲೆ ಹತ್ತಿರದಿಂದ ಹಾರಿಸಿದ ಒಂದು ಈಡು ಎಷ್ಟೋ ಮೇಲು.

ಆದ್ದರಿಂದ ಅನುಮತಿಯ ಪತ್ರದಲ್ಲಿ ಪ್ರಾಣಿಯ ಹೆಸರು, ಅವಧಿಗಳ ಜೊತೆಗೆ ಆಯುಧದ ವಿವರವೂ ಇರಬೇಕು. ಸುರುಳಿಗೆರೆಯಿಲ್ಲದ ತೋಟಾಕೋವಿ, 30-40 ಮೀಟರ್ ಮೀರದ ದೂರ, ಗುಂಡು ನೆಲಕ್ಕೇ ಇಳಿಯುವಂತೆ ಅಟ್ಟಣಿಗೆಯ ಮೇಲಿನಿಂದ ಕೆಳಮುಖವಾಗಿ ಹೊಡೆಯುವ ಕ್ರಮ, ಬೆಳಕು ಬಿಟ್ಟು ಪ್ರಾಣಿಯನ್ನು ಕಣ್ಣಾರೆ ಕಾಣದೆ, ಸದ್ದಿಗೆ ಹೊಡೆಯಬಾರದೆಂಬ ಕಟ್ಟುನಿಟ್ಟು, ಗಾಯಗೊಂಡ ಹಂದಿಯನ್ನು ಹುಡುಕಿ ಮುಗಿಸುವ ಹೊಣೆ. ಇವಿಷ್ಟನ್ನು ತರಬೇತಿ ಪಡೆದ ಪರವಾನಗಿದಾರರ ಪಟ್ಟಿಯೊಂದಿಗೆ ಪಂಚಾಯಿತಿ ಮಟ್ಟದಲ್ಲಿ ಜಾರಿಗೊಳಿಸುವುದು ಅಸಾಧ್ಯವಲ್ಲ. ಚುನಾವಣೆ ಬಂದಾಗಲೆಲ್ಲ ಬೆಳೆ ಕಾಯುವ ಕೋವಿಗಳನ್ನೂ ಠಾಣೆಯಲ್ಲಿ ಠೇವಣಿ ಇಡಿಸಿಕೊಳ್ಳುವ ಪದ್ಧತಿಯನ್ನು, ಕೊಯ್ಲಿನ ಕಾಲವನ್ನು ನೋಡಿಕೊಂಡು ಸಡಿಲಿಸುವುದೂ ನ್ಯಾಯವೇ.

ಅಮೆರಿಕದ ಬೇಟೆಗಾರ ತನ್ನ ಬಯಲನ್ನು, ಗಾಳಿಯನ್ನು, ಪ್ರಾಣಿಯನ್ನು ಅಳೆದು ತನ್ನ ನಳಿಗೆಯನ್ನು ಆರಿಸಿಕೊಂಡ. ಅವನಿಂದ ಕಲಿಯಬೇಕಾದುದು ಆ ಅಳತೆಯ ಎಚ್ಚರವನ್ನು. ರೈಫಲನ್ನು ಅಲ್ಲಿಯೇ ಬಿಡಬಹುದು. ಕೊಲ್ಲಲು ಅನುಮತಿ ಕೊಡುವ ಯಾವುದೇ ಕಾನೂನು ತಪ್ಪಿದ ಗುಂಡಿಗೂ ಉತ್ತರದಾಯಿಯಾಗಿರಬೇಕು. ವಿಧಾನಸೌಧದಲ್ಲಿ ಈ ವಿಷಯ ಮುಂದಿನ ಬಾರಿ ಚರ್ಚೆಗೆ ಬಂದಾಗ, ಆ ಉತ್ತರವನ್ನು ಮೊದಲು ಕೇಳಬೇಕಾದವರು ತೋಟದ ಪಕ್ಕದ ಮನೆಗಳಲ್ಲಿ ರಾತ್ರಿ ಮಲಗುವ ಜನರ ಪ್ರತಿನಿಧಿಗಳು.